ಸೋಮನೂರು ರಸ್ತೆಯಲ್ಲಿ ಎರಡು ಸೈಕಲ್

ಸರ್ಕಾರ ಕೊಟ್ಟ ಹೊಸ ಸೈಕಲ್ಲನ್ನು ಜನನಿ ಶಾಲೆಯಿಂದ ತಳ್ಳಿಕೊಂಡು ಬಂದ ಸಂಜೆ ಅದಕ್ಕೆ ಹೊಸ ಸೊಸೆಗೆ ಸಿಗುವಷ್ಟು ಮರ್ಯಾದೆ ಸಿಕ್ಕಿತು. ನಮ್ಮ ಅತ್ತೆ ಅಂಗಮ್ಮ ಆರತಿ ಎತ್ತಿದರು, ಹ್ಯಾಂಡಲ್ಲಿಗೆ ಕುಂಕುಮ ಹಚ್ಚಿದರು, ಎರಡು ಚಕ್ರಗಳ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟರು. ಜನನಿ ಹತ್ತಿ ತುಳಿದಳು. ಮುಂದಿನ ಚಕ್ರದಡಿಯ ನಿಂಬೆಹಣ್ಣು ಜಜ್ಜಿಹೋಗಲಿಲ್ಲ. ಚಕ್ರವೇ ಪಕ್ಕಕ್ಕೆ ಜಾರಿತು, ಹಣ್ಣು ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು.

"ನೋಡಿದ್ಯಾಮ್ಮಾ," ಎಂದರು ನಮ್ಮ ಯಜಮಾನರು, ಮಗ್ಗದ ಶೆಡ್ಡಿನ ಬಾಗಿಲಲ್ಲಿ ನಿಂತು. "ಒಂದು ನಿಂಬೆಹಣ್ಣು ಜಜ್ಜೋಕಾಗದ ಗಾಡಿ. ಇದನ್ನ ತಗೊಂಡು ನಿನ್ನ ಮೊಮ್ಮಗಳು ಸೋಮನೂರು ರೋಡಲ್ಲಿ ಮಿಲ್ ಬಸ್ಸಿನ ಎದುರು ಹೋಗ್ತಾಳಂತೆ."

"ಲೋಗು, ಒಳ್ಳೆ ಗಳಿಗೇಲಿ ಬಾಯಿ ಮುಚ್ಕೊಂಡಿರು," ಎಂದರು ಅತ್ತೆ.

ನಾವು ತಮಿಳು ಸೀಮೆಯಲ್ಲಿದ್ದು ಮನೆಯೊಳಗೆ ಕನ್ನಡ ಆಡುವ ನೇಕಾರರು. ಕರುಮತ್ತಂಪಟ್ಟಿಯ ನಮ್ಮ ಮನೆಯಿಂದ ಸೋಮನೂರಿನ ಶಾಲೆಗೆ ನಾಲ್ಕು ಕಿಲೋಮೀಟರ್. ಹತ್ತು ನಿಮಿಷ ನಡೆದರೆ ಇನ್ನೊಂದು ಶಾಲೆ ಸಿಗುತ್ತದೆ, ಆದರೆ ಅಲ್ಲಿ ಪ್ಲಸ್ ಒನ್ನಿಗೆ, ಅಂದರೆ ಹನ್ನೊಂದನೇ ತರಗತಿಗೆ, ಕಾಮರ್ಸ್ ಗ್ರೂಪ್ ಮಾತ್ರ. ಜನನಿಗೆ ಬೇಕಿದ್ದದ್ದು ಬಯಾಲಜಿ. ಐದನೇ ತರಗತಿಯಲ್ಲಿದ್ದಾಗಲೇ ಕೋಳಿ ಅಂಗಡಿಯವನನ್ನು ನಿಲ್ಲಿಸಿ, ಹೃದಯ ಯಾವುದು, ಲಿವರ್ ಯಾವುದು ತೋರಿಸಿ ಎಂದು ಕಾಡಿದ ಹುಡುಗಿ ಅವಳು. ಬಸ್ಸಿನಲ್ಲಿ ಹೋಗಲಿ ಎಂದರೆ, ಬೆಳಗಿನ ಬಸ್ಸು ಫ್ರೀ ಪಾಸಿನ ಮಕ್ಕಳನ್ನು ಕಂಡ ಕೂಡಲೇ ನಿಲ್ಲುವಂತೆ ನಟಿಸಿ ಮುಂದೆ ಓಡುತ್ತಿತ್ತು. ಜೂನ್ ತಿಂಗಳೊಂದರಲ್ಲೇ ಒಂಬತ್ತು ದಿನ ಅವಳು ಶಾಲೆಗೆ ತಡವಾಗಿ ಹೋಗಿದ್ದಳು.

"ಈ ಜುಲೈ ಮುಗಿಯೋವರೆಗೂ ಗ್ರೂಪ್ ಬದಲಾಯಿಸ್ಬೋದು ಅಂತ ಹೇಳಿದಾರೆ," ಎಂದರು ಯಜಮಾನರು. "ಅಲ್ಲೀವರೆಗೆ ನೋಡ್ತೀನಿ. ಒಂದೇ ಒಂದು ಸಲ ಬಿದ್ದು ಬಂದ್ರೂ ಸೈಕಲ್ ಅಟ್ಟಕ್ಕೆ, ನೀನು ಪಕ್ಕದ ಸ್ಕೂಲಿಗೆ. ಆಮೇಲೆ ಅಳಬಾರದು."

ಅವರು ಕಲ್ಲು ಮನಸ್ಸಿನವರಲ್ಲ. ಮಗಳ ಕಾಲಿಗೆ ಮುಳ್ಳು ಚುಚ್ಚಿದರೂ ಆ ದಿನ ಅವರಿಗೆ ಅನ್ನ ಇಳಿಯದು. ಹೆದರಿದಾಗ ರೇಗುವುದು ಅವರ ಸ್ವಭಾವ, ಅಷ್ಟೇ. ಮದುವೆಯಾಗಿ ಹದಿನೆಂಟು ವರ್ಷವಾದ ಮೇಲೆ ನನಗೆ ಅದು ಗೊತ್ತು, ಜನನಿಗೂ ಗೊತ್ತು. ಆದರೆ ಮಾತು ಮಾತೇ.

ಮೂರನೇ ದಿನವೇ ಜನನಿ ಹಿಂದಿನ ಬಾಗಿಲಿನಿಂದ ಒಳಗೆ ಬಂದಳು. ಯೂನಿಫಾರ್ಮಿನ ಒಂದು ಪಕ್ಕ ಪೂರ್ತಿ ಕೆಮ್ಮಣ್ಣು.

"ಬಿದ್ಯಾ ಅಮ್ಮಣಿ?"

"ಬೀಳಲಿಲ್ಲಮ್ಮಾ. ಇಳಿದೆ."

"ಮೊಣಕೈ ಮೇಲೆ ಇಳಿದ್ಯಾ?"

"ಆ ಹಸಿರು ಮಿನಿ ಬಸ್ಸು ಅಮ್ಮಾ. ಹಿಂದೆಯಿಂದ ಬಂದು ಕಿವಿ ಹತ್ರ ಹಾರ್ನ್ ಹೊಡೆದ. ನಾನು ಓರಕ್ಕೆ ಹೋದೆ. ಓರಕ್ಕೆ ಹೋದ್ರೆ ಅಲ್ಲಿ ರೋಡೇ ಇಲ್ಲ. ಸೈಕಲ್ ಮಲಗ್ತು. ನಾನು ಅದರ ಪಕ್ಕದಲ್ಲಿ... ಇಳಿದೆ."

ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿದ್ದವು, ಯಜಮಾನರು ಇನ್ನೂ ಅರ್ಧ ಗಂಟೆ ಹೊರಗೆ ಬರುವಂತಿರಲಿಲ್ಲ. ನಾನು ಯೂನಿಫಾರ್ಮನ್ನು ಬಕೆಟ್ಟಿಗೆ ಹಾಕಿ ಸೋಪು ತಿಕ್ಕಿದೆ. ತಿಕ್ಕುತ್ತಲೇ ಯೋಚಿಸಿದೆ. ಸೈಕಲ್ ತುಳಿಯಲು ಅವಳಿಗೆ ಬರುತ್ತದೆ. ರಸ್ತೆಯಲ್ಲಿ ಇರಲು ಬರುವುದಿಲ್ಲ. ಅದನ್ನು ಯಾರಾದರೂ ಜೊತೆಗೆ ಹೋಗಿಯೇ ಕಲಿಸಬೇಕು.

ಮರುದಿನ ಬೆಳಿಗ್ಗೆ ಇಡ್ಲಿ ಇಳಿಸಿ, ನಮ್ಮ ಬೀದಿಗಳಲ್ಲೇ ನೂಲು ತರಲು ನಾನು ಬಳಸುವ ಹಳೆಯ ಸೈಕಲ್ಲನ್ನು ಹೊರಗೆ ತೆಗೆದೆ.

"ನೀನೆಲ್ಲಿಗೆ?" ಎಂದರು ಯಜಮಾನರು.

"ಇವಳ ಜೊತೆಗುಂಗ. ಒಂಬತ್ತಕ್ಕೆ ಬಂದು ತರಿ ಹತ್ರ ನಿಲ್ತೀನಿ." ತರಿ ಎಂದರೆ ನಮ್ಮ ಕಡೆ ಮಗ್ಗ, ಮಾತಿನ ಕೊನೆಯ 'ಉಂಗ' ಮರ್ಯಾದೆಗೆ.

"ಸರಿ. ಅಟ್ಟದಲ್ಲಿ ಎರಡು ಸೈಕಲ್ಲಿಗೆ ಜಾಗ ಮಾಡಿಟ್ಟಿರ್ತೀನಿ," ಎಂದರು ಅವರು.

ನಾಲ್ಕು ಕಿಲೋಮೀಟರಿನಲ್ಲಿ ಇಷ್ಟು ಬಗೆಯ ಶತ್ರುಗಳು ಇರುತ್ತಾರೆಂದು ನನಗೆ ಗೊತ್ತಿರಲಿಲ್ಲ. ರಸ್ತೆಯ ಓರದಲ್ಲಿ ಟಾರು ಮುಗಿದು ಮಣ್ಣು ಶುರುವಾಗುವ ಕಡೆ ನಾಲ್ಕು ಬೆರಳಿನ ಇಳಿತ. ಸೈಕಲ್ಲಿನವರು ಅದರ ಮೇಲೆ ದೊಂಬರಾಟದಂತೆ ಹೋಗಬೇಕು ಎಂಬುದು ಎಲ್ಲ ಗಾಡಿಯವರ ಅಭಿಪ್ರಾಯ. ನೂಲಿನ ಮೂಟೆ ಹೊತ್ತ ವ್ಯಾನಿನಿಂದ ಒಂದು ಮೂಟೆ ಹೊರಗೆ ಚಾಚಿಕೊಂಡು ನಮ್ಮ ತಲೆ ಸವರಿಕೊಂಡು ಹೋಗುತ್ತದೆ. ಎದುರಿನಿಂದ ತಪ್ಪು ಬದಿಯಲ್ಲಿ ಬರುವ ಮೋಟಾರ್‌ಬೈಕಿನವರು ಸರಿ ಬದಿಯಲ್ಲಿರುವ ನಮ್ಮನ್ನು ನೋಡಿ ತಲೆ ಚಚ್ಚಿಕೊಳ್ಳುತ್ತಾರೆ. ನಿಂತ ಕಾರಿನ ಬಾಗಿಲು ಯಾವ ಗಳಿಗೆಯಲ್ಲಿ ತೆರೆಯುತ್ತದೆ ಎಂಬುದು ಒಳಗಿರುವವರಿಗೂ ತಿಳಿದಿರುವುದಿಲ್ಲ. ಒಬ್ಬ ಹಿರಿಯರು ಮೊಪೆಡ್ಡಿನಲ್ಲಿ ನನ್ನ ಪಕ್ಕಕ್ಕೇ ಬಂದು, ಈ ವಯಸ್ಸಿನಲ್ಲಿ ಮಂಡಿಗೆ ಸೈಕಲ್ ಒಳ್ಳೆಯದಲ್ಲ ಎಂದು ಅರ್ಧ ಕಿಲೋಮೀಟರ್ ಬುದ್ಧಿ ಹೇಳಿದರು. ಅವರು ಪಕ್ಕದಲ್ಲಿ ಇದ್ದಷ್ಟು ಹೊತ್ತು ಬೇರೆ ಯಾರಿಗೂ ನನಗೆ ಗುದ್ದಲು ಜಾಗವಿರಲಿಲ್ಲವಾದ್ದರಿಂದ ನಾನು ಮಾತು ಬೆಳೆಸಿದೆ.

ಲಾರಿಯ ಚಾಲಕನೊಬ್ಬ ಕಿಟಕಿಯಿಂದ ತಲೆ ಹಾಕಿ, "ವೀಟ್ಲ ಸೊಲ್ಲೀಟ್ಟು ವಂದಿಯಾಮ್ಮಾ?" ಎಂದು ಕೂಗಿದ. ಸಾಯಲು ಹೊರಟಿದ್ದೀಯಲ್ಲ, ಮನೆಯಲ್ಲಿ ಹೇಳಿ ಬಂದೆಯಾ ಎಂದು ರಸ್ತೆಯಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಬೈಗುಳ ಅದು. ಅದು ನನ್ನ ಪಾಲಿಗೆ ಬಂದದ್ದು ಅದೇ ಮೊದಲು.

"ಹೇಳಿಯೇ ಬಂದೆನುಂಗ," ಎಂದು ತಮಿಳಿನಲ್ಲೇ ಕೂಗಿದೆ. "ಅತ್ತೆ ಮನೇಲಿದಾರೆ. ಗ್ಯಾಸೂ ಆರಿಸಿದೀನಿ."

ಅವನು ತಲೆ ಒಳಗೆ ಎಳೆದುಕೊಂಡ. ಜನನಿ ಮುಖ ಮುಚ್ಚಿಕೊಳ್ಳಲು ಕೈ ಎತ್ತಿ, ಹ್ಯಾಂಡಲ್ ನೆನಪಾಗಿ ಇಳಿಸಿದಳು.

ಮಗಳಿಗೆ ನನ್ನಿಂದ ಆಗುತ್ತಿದ್ದ ಇನ್ನೊಂದು ನಾಚಿಕೆ ನನ್ನ ದನಿ. ಆರು ಮಗ್ಗಗಳ ನಡುವೆ ಹದಿನೆಂಟು ವರ್ಷ ಮಾತಾಡಿದವರಿಗೆ ಮೆಲ್ಲಗೆ ಮಾತಾಡುವುದು ಮರೆತುಹೋಗಿರುತ್ತದೆ. ಮುಂದೆ ಹೋಗುತ್ತಿದ್ದ ಅವಳಿಗೆ ನಾನು, ನಿನ್ನೆಯ ಹಿಟ್ಟು ಹುಳಿಯಾಗಿದೆ, ಸಂಜೆಗೆ ಪಣಿಯಾರ ಮಾಡುತ್ತೇನೆ ಎಂದು ಹೇಳಿದರೆ, ಟೀ ಅಂಗಡಿಯಲ್ಲಿ ಕುಳಿತವರು ಎಷ್ಟು ಗಂಟೆಗೆ ಬರಲಿ ಎಂದು ಕೇಳುತ್ತಿದ್ದರು.

ಆದರೆ ಅದೇ ಮಗ್ಗಗಳಿಂದ ಒಂದು ಉಪಕಾರವೂ ಆಗಿತ್ತು. ಹಾರ್ನಿನ ಸದ್ದಿಗೆ ನಾನು ಬೆಚ್ಚುವುದಿಲ್ಲ. ಹಸಿರು ಮಿನಿ ಬಸ್ಸು ಹಿಂದೆ ಬಂದು ನಾಲ್ಕು ಬಗೆಯ ರಾಗದಲ್ಲಿ ಹಾರ್ನ್ ಹೊಡೆಯಿತು. ಮುಂದಿದ್ದ ಕಾಲೇಜಿನ ಇಬ್ಬರು ಬೈಕ್ ಸಮೇತ ಪಕ್ಕಕ್ಕೆ ಹಾರಿದರು, ಒಂದು ಆಡು ಕಾಂಪೌಂಡ್ ಏರಿತು. ನಾನು ನನ್ನ ಪಾಡಿಗೆ ಟಾರಿನ ಮೇಲೆಯೇ ತುಳಿಯುತ್ತಿದ್ದೆ.

"ಅಮ್ಮಾ, ಹಾರ್ನ್ ಹೊಡೀತಿದಾರೆ!"

"ಹೊಡೀಲಿ ಅಮ್ಮಣಿ. ಅದು ಅವರ ಕೆಲಸ. ಹಿಂದೆ ಬರ್ತಿದೀನಿ ಅಂತ ಹೇಳ್ತಿದಾರೆ, ಮಣ್ಣಿಗೆ ಇಳಿ ಅಂತ ಹೇಳ್ತಿಲ್ಲ. ಜಾಗ ಸಿಕ್ಕಾಗ ಹೋಗ್ತಾರೆ. ನೀನು ನೇರ ನೋಡು."

ಜಾಗ ಸಿಕ್ಕಾಗ ಬಸ್ಸು ಪಕ್ಕಕ್ಕೆ ಬಂತು. ದಪ್ಪ ಮೀಸೆಯ ಚಾಲಕ ನನ್ನನ್ನು ಬಗ್ಗಿ ನೋಡಿ, ಕಿವಿಯ ಹತ್ತಿರ ಕೈ ಆಡಿಸಿ, ಪಾಪ ಕಿವುಡಿ ಎಂಬಂತೆ ತನ್ನ ಪ್ರಯಾಣಿಕರಿಗೆ ತೋರಿಸಿದ. ನನಗೇನೂ ಬೇಸರವಾಗಲಿಲ್ಲ. ಕಿವುಡಿಯ ಹಿಂದೆ ಅವನು ಮರುದಿನ ಸ್ವಲ್ಪ ದೂರದಲ್ಲೇ ಬಂದ.

ಕೂಗಬೇಡ ಎಂದು ಜನನಿ ಬೇಡಿಕೊಂಡಿದ್ದರಿಂದ ನಾವು ಸನ್ನೆಗೆ ಇಳಿದೆವು. ಸನ್ನೆ ನಮಗೆ ಹೊಸದಲ್ಲ. ಮಗ್ಗ ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ, ಆದ್ದರಿಂದ ಶೆಡ್ಡಿನಲ್ಲಿ ಕೈಯೇ ಬಾಯಿ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ನೂಲು ಹರಿದಿದೆ ಎಂದು. ತೋರುಬೆರಳನ್ನು ಗಾಳಿಯಲ್ಲಿ ಸುತ್ತಿದರೆ ನೂಲಿನ ಕಂಡಿಕೆ ತಾ ಎಂದು. ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಮಣಿಕಟ್ಟುಗಳನ್ನು ಅಡ್ಡ ಹಾಕಿದರೆ, ಏನೋ ಆಗಬಾರದ್ದು ಆಗಿದೆ, ಎಲ್ಲವನ್ನೂ ಈಗಲೇ ನಿಲ್ಲಿಸು ಎಂದು. ಜನನಿ ತೊಟ್ಟಿಲಲ್ಲಿದ್ದಾಗಿನಿಂದ ಇದನ್ನು ನೋಡಿ ಬೆಳೆದವಳು.

ಎರಡನೇ ವಾರ, ನಾನು ಮುಂದೆ, ಅವಳು ಹಿಂದೆ. ಎಡಗಡೆಯ ಸಂದಿಯಿಂದ ನೀರಿನ ಟ್ಯಾಂಕರೊಂದು ಮೂತಿ ಹಾಕಿತು. ಜನನಿಯನ್ನು ನಿಲ್ಲಿಸಬೇಕಿತ್ತು. ನಾನು ಹಿಂದೆ ಮುಂದೆ ನೋಡದೆ ಎರಡೂ ಕೈ ಎತ್ತಿ ಮಣಿಕಟ್ಟು ಅಡ್ಡ ಹಾಕಿದೆ.

ಜನನಿ ಚೆನ್ನಾಗಿ ನಿಂತಳು. ಟ್ಯಾಂಕರೂ ನಿಂತಿತು. ನಿಲ್ಲದೆ ಹೋದದ್ದು ನನ್ನ ಸೈಕಲ್ ಒಂದೇ. ಮಗ್ಗಕ್ಕೆ ಹ್ಯಾಂಡಲ್ ಹಿಡಿಯುವ ಅಗತ್ಯವಿಲ್ಲ, ಸೈಕಲ್ಲಿಗೆ ಇದೆ ಎಂಬುದು ಎಳನೀರಿನ ರಾಶಿಯ ಮೇಲೆ ಕುಳಿತ ಮೇಲೆ ನನಗೆ ಹೊಳೆಯಿತು.

"ಒಂದು ಕೊಡಲಾಕ್ಕಾ?" ಎಂದು ಕೇಳಿದ ಎಳನೀರಿನವನು. ಕುಡಿದೇ ಬಂದೆವು.

ಸಂಜೆ ನನ್ನ ಮೊಣಕೈಯ ಬ್ಯಾಂಡೇಜ್ ನೋಡಿ ಯಜಮಾನರು ಏಣಿಯ ಕಡೆ ನೋಡಿದರು.

"ಯಾರು ಬಿದ್ದದ್ದು?"

"ನಾನುಂಗ."

"ಅವಳು?"

"ನಿಂತಳುಂಗ. ಚಂದಾಗಿ ನಿಂತಳು."

"ಬಿದ್ರೆ ಸೈಕಲ್ ಅಟ್ಟಕ್ಕೆ ಅಂತ ಹೇಳಿದ್ದು ಮಗಳಿಗೆ, ಹೆಂಡ್ತಿಗಲ್ಲ," ಎಂದರು ಅತ್ತೆ ಸೊಪ್ಪು ಬಿಡಿಸುತ್ತ. "ತಂಗಮಣಿ ದಿನಾ ಬೇಕಾದ್ರೂ ಬೀಳ್ಬೋದು."

ಯಜಮಾನರು ಶೆಡ್ಡಿಗೆ ಹೋದರು. ಆ ರಾತ್ರಿ ಊಟಕ್ಕೆ ಮೊದಲು ನನ್ನ ಮೊಣಕೈಗೆ ಎಣ್ಣೆ ಬೇಕಾ ಎಂದು ಮೂರು ಸಲ ಕೇಳಿದರು, ಮೂರು ಸಲವೂ ರೇಗಿಯೇ.

ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ದಾರಿಯಲ್ಲಿ ಹಳ್ಳದ ಮೇಲೆ ಒಂದು ಚಿಕ್ಕ ಸೇತುವೆ ಇದೆ. ಒಂದು ಬಸ್ಸು ಮತ್ತು ಒಂದು ಸೈಕಲ್ ಹೋಗಬಹುದು, ಅಥವಾ ಒಂದು ಬಸ್ಸು ಮತ್ತು ಒಂದು ಲಾರಿ. ಮೂರೂ ಹೋಗಲಾಗದು. ಜನನಿ ಮುಂದೆ, ಸೇತುವೆಯ ನಡುವೆ ಇದ್ದಳು. ನಾನು ಇನ್ನೂ ಈಚೆ ಕಡೆ. ಎದುರಿನಿಂದ ನೂಲಿನ ಲಾರಿ ಸೇತುವೆ ಹತ್ತುತ್ತಿತ್ತು, ನನ್ನ ಹಿಂದೆ ಹಸಿರು ಮಿನಿ ಬಸ್ಸು ನಾಲ್ಕು ರಾಗ ಹಾಡುತ್ತ ಬರುತ್ತಿತ್ತು. ಅವನು ನಿಲ್ಲುವವನಲ್ಲ ಎಂದು ಅವನ ಹಾರ್ನೇ ಹೇಳುತ್ತಿತ್ತು. ನಿಲ್ಲದಿದ್ದರೆ ಅವನಿಗೂ ಸೇತುವೆಯ ಗೋಡೆಗೂ ನಡುವೆ ಇರುವುದು ನನ್ನ ಮಗಳು.

ನಾನು ಸೈಕಲ್ಲನ್ನು ರಸ್ತೆಯ ನಡುವೆಯೇ ಕೆಡವಿ, ಬಸ್ಸಿನ ಕಡೆ ತಿರುಗಿ ನಿಂತು, ಎರಡೂ ಕೈಯೆತ್ತಿ ಮಣಿಕಟ್ಟು ಅಡ್ಡ ಹಾಕಿದೆ.

ಬಸ್ಸು ಕಟ್ಟಿಹಾಕಿದಂತೆ ನಿಂತಿತು. ಒಳಗೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದ ಸದ್ದಾಯಿತು. ಯಾರದೋ ಟೊಮೆಟೊ ಬುಟ್ಟಿ ಚೆಲ್ಲಿ, ಹಣ್ಣುಗಳು ಮೆಟ್ಟಿಲಿಂದ ಒಂದೊಂದಾಗಿ ಇಳಿದು ಬಂದವು. ಗಾಜಿನ ಹಿಂದೆ ಚಾಲಕನ ಮುಖ ನನಗೆ ಕಾಣುತ್ತಿತ್ತು. ಅವನ ಕಾಲು ಬ್ರೇಕಿನ ಮೇಲೆ ಇದ್ದಿರಬೇಕು, ಆದರೆ ಬಲಗೈ ಸ್ಟೀರಿಂಗ್ ಬಿಟ್ಟು ಪಕ್ಕಕ್ಕೆ ಚಾಚಿ, ಅಲ್ಲಿ ಇಲ್ಲದ ಯಾವುದೋ ಹಿಡಿಯನ್ನು ಹುಡುಕುತ್ತಿತ್ತು. ಮಗ್ಗ ನಿಲ್ಲಿಸುವ ಹಿಡಿ ಇರುವುದು ಸರಿಯಾಗಿ ಅಲ್ಲೇ.

ಲಾರಿ ದಾಟಿ ಹೋಯಿತು. ಜನನಿ ಆಚೆ ದಡ ಸೇರಿ ತಿರುಗಿ ನೋಡಿದಳು. ಚಾಲಕ ಇಳಿದು ಬಂದ.

"ಸಾವುರದುಕ್ಕು ಎನ್ ವಂಡಿದಾನ್ ಕೆಡಚ್ಚುದಾ?" ಎಂದು ಶುರು ಮಾಡಿದ. ಸಾಯಲು ನನ್ನ ಗಾಡಿಯೇ ಸಿಕ್ಕಿತಾ ಎಂದು. ಅಲ್ಲಿಂದ ಮುಂದೆ ಅವನು ತಮಿಳಿನಲ್ಲಿ ಹೇಳಿದ್ದನ್ನು ನಾನು ಬರೆಯುವುದಿಲ್ಲ. ಸುಮಾರು ಎರಡು ನಿಮಿಷ ಹೇಳಿದ, ಒಂದು ಮಾತನ್ನೂ ಎರಡು ಸಲ ಹೇಳಲಿಲ್ಲ.

ಅಷ್ಟರಲ್ಲಿ ಜನನಿ ಓಡಿ ಬಂದು, "ಅಮ್ಮಾ, ಏನೂ ಆಗ್ಲಿಲ್ವಾ? ಬಾಮ್ಮಾ, ಹೋಗೋಣ," ಎಂದು ನನ್ನ ಕೈ ಹಿಡಿದಳು.

ಚಾಲಕ ಬೈಗುಳದ ನಡುವೆಯೇ ನಿಂತ. "ನೀವು... ಕನ್ನಡದೋರಾ?"

"ಹೂಂ."

"ನಾವೂನು. ಶಿವಲಿಂಗಂ ಅಂತ. ನಮ್ಮಮ್ಮನ ಊರು ಪೋತ್ತನೂರು." ಮೀಸೆ ಸವರಿಕೊಂಡ. ಬೈಯುವುದನ್ನು ಎಲ್ಲಿ ನಿಲ್ಲಿಸಿದ್ದೆ ಎಂದು ಯೋಚಿಸುವವನಂತೆ ಕಂಡ. "ಅಕ್ಕಾ, ನೀವು ಮಾಡಿದ್ದು... ನೀವು ಮಾಡಿದ್ದು..." ಎಂದು ಎರಡು ಸಲ ಶುರು ಮಾಡಿದ. ಮಾತು ಸಿಗಲಿಲ್ಲ. ಮನೆಯಲ್ಲಿ ತಾಯಿಯ ಹತ್ತಿರ ಮಾತ್ರ ಆಡುವ ಭಾಷೆಯಲ್ಲಿ ಅವನಿಗೆ ಬೈಯಲು ಬರುತ್ತಿರಲಿಲ್ಲ. ಕೊನೆಗೆ, "ನೀವು ಮಾಡಿದ್ದು ಚಂದಾಗಿಲ್ಲ ಅಕ್ಕಾ," ಎಂದ.

"ನೀನು ಯಾವ ಶೆಡ್ಡಲ್ಲಿದ್ದೆ?" ಎಂದು ಕೇಳಿದೆ.

"ಹನ್ನೆರಡು ವರ್ಷ ತರಿ ಓಡಿಸಿದೀನಿ. ಆಮೇಲೇ ಬಸ್ಸಿಗೆ ಬಂದದ್ದು. ಆ ಕೈ ನೋಡಿದ್ ತಕ್ಷಣ ಯಾರದೋ ಬೆರಳು ಸಿಕ್ಕೊಂಡ್ತು ಅಂತ ಎದೆ ಧಸಕ್ ಅಂತು ಅಕ್ಕಾ. ಪೊಲೀಸ್ ಕೈ ತೋರಿಸಿದ್ರೂ ನಾನು ಹಂಗೆ ನಿಂತವನಲ್ಲ." ಆಮೇಲೆ ಕೆಳಗೆ ನೋಡಿ, "ನಿಮಗೆ ಕಿವಿ ಕೇಳ್ಸುತ್ತಾ?" ಎಂದ.

"ಚಂದಾಗಿ ಕೇಳ್ಸುತ್ತೆ."

"ಹಂಗಾದ್ರೆ ಇಷ್ಟು ದಿನ..."

"ನನ್ನ ಮಗಳು ಈ ತಿಂಗಳು ಒಂದು ಸಲ ಬಿದ್ರೂ ಅವಳ ಓದು ಬದಲಾಗುತ್ತೆ ತಮ್ಮಾ. ಮಣ್ಣಿಗೆ ಇಳಿಯೋಕೆ ಅವಳಿಗೆ ಬಿಡುವಿಲ್ಲ," ಎಂದೆ. ಸೇತುವೆಯ ಮೇಲೆ ನಿಂತು, ಮಗ್ಗದ ದನಿಯಲ್ಲಿ, ಎಲ್ಲವನ್ನೂ ಹೇಳಿದೆ. ಬಸ್ಸಿನವರೆಲ್ಲ ಕೇಳಿಸಿಕೊಂಡರು. ಟೊಮೆಟೊದ ಅಜ್ಜಿ, "ಒಂದು ಮಗು ಓದೋಕೆ ಹೋದ್ರೆ ನಿನಗೇನೋ ಅಷ್ಟು ಅವಸರ?" ಎಂದು ಅವನಿಗೇ ತಿರುಗಿದರು.

ಮರುದಿನದಿಂದ ಶಿವಲಿಂಗಂ ಹಾರ್ನ್ ಹೊಡೆಯುವುದನ್ನು ಬಿಟ್ಟ. ನಮ್ಮ ಹಿಂದೆ ಬಂದರೆ ನಿಧಾನವಾಗಿ, ಸದ್ದಿಲ್ಲದೆ, ದೇವರ ಉತ್ಸವದ ಹಿಂದೆ ಬರುವವನಂತೆ ಬರುತ್ತಿದ್ದ.

ಜುಲೈ ಮೂವತ್ತೊಂದು. ಜನನಿ ಮುಂದೆ ಹೋಗುತ್ತಿದ್ದಳು, ಬೆನ್ನು ನೆಟ್ಟಗೆ, ಟಾರಿನ ಮೇಲೆ, ತನ್ನ ಜಾಗದಲ್ಲಿ. ಶಾಲೆ ಇನ್ನು ಇನ್ನೂರು ಅಡಿ. ಹಾರ್ನ್ ಇದ್ದಾಗ ಬಸ್ಸು ಎಲ್ಲಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಈಗ ಏನೂ ಕೇಳಿಸದೆ, ಬರೀ ಬಿಸಿಗಾಳಿ ಭುಜಕ್ಕೆ ತಾಕಿದಂತಾಗಿ ತಿರುಗಿ ನೋಡಿದಳು. ಪಕ್ಕದಲ್ಲೇ ಬಸ್ಸಿನ ಇಡೀ ಮುಖ, ಅದರೊಳಗೆ ಶಿವಲಿಂಗಂ ಮೀಸೆಯಡಿ ನಗುತ್ತ ಕೈ ಬೀಸುತ್ತಿದ್ದಾನೆ. ಒಳ್ಳೆಯ ಹುಡುಗಿಯಂತೆ ಅವಳೂ ಕೈ ಬೀಸಿದಳು. ಮುಂದಿದ್ದ ಸ್ಪೀಡ್ ಬ್ರೇಕರ್ ನೋಡಲಿಲ್ಲ.

ಈ ಸಲ ಇಳಿದದ್ದಲ್ಲ, ಬಿದ್ದದ್ದೇ. ಹ್ಯಾಂಡಲ್ ಪೂರ್ತಿ ಪಕ್ಕಕ್ಕೆ ತಿರುಗಿತ್ತು.

ಶಿವಲಿಂಗಂ ಬಸ್ಸನ್ನು ಅಲ್ಲೇ ಬಿಟ್ಟು ಓಡಿ ಬಂದ. ಕಣ್ಣಲ್ಲಿ ನೀರಿತ್ತು. "ಐದು ವರ್ಷ ಹಾರ್ನ್ ಹೊಡೆದು ಒಬ್ಬರನ್ನೂ ಬೀಳಿಸಿಲ್ಲ ಅಕ್ಕಾ. ಹೊಡೀದೆ ಬೀಳಿಸ್ಬಿಟ್ಟೆ." ನಾನು ಕೆಮ್ಮಣ್ಣಿನ ಯೂನಿಫಾರ್ಮಿನ ಮಾತು ಎತ್ತಲಿಲ್ಲ. ಜನನಿ ಅಂಗೈ ಒರೆಸಿಕೊಂಡು, ಲ್ಯಾಬಿಗೆ ಹೊತ್ತಾಯಿತು ಎಂದು ಕುಂಟುತ್ತ ಸೈಕಲ್ ತಳ್ಳಿಕೊಂಡು ಒಳಗೆ ಹೋದಳು.

ಇಡೀ ದಿನ ನಾನು ಮಗ್ಗದ ಮುಂದೆ ನಿಂತು ಸುಳ್ಳು ಹೊಸೆದೆ. ಅತ್ತೆಯೂ ಸಹಾಯ ಮಾಡಿದರು. "ಸ್ಕೂಲ್ ಗೇಟು ತಾಕ್ತು ಅಂತ ಹೇಳೋಣ. ಗೇಟು ಬಂದು ಸಾಕ್ಷಿ ಹೇಳುತ್ತಾ?" ಆದರೆ ಐದೂವರೆಗೆ ಜನನಿ ಮುಂಬಾಗಿಲಿನಿಂದಲೇ ಬಂದಳು.

"ಅಪ್ಪಾ, ಬಿದ್ದೆ," ಎಂದಳು. "ಯಾರೂ ತಳ್ಳಲಿಲ್ಲ. ನಾನೇ ನೋಡಲಿಲ್ಲ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಯಜಮಾನರು ಮಗಳ ಅಂಗೈ ತಿರುಗಿಸಿ ನೋಡಿದರು, ಮಂಡಿ ನೋಡಿದರು, ಏಣಿ ತಂದು ಅಟ್ಟಕ್ಕೆ ಒರಗಿಸಿದರು. ಸೈಕಲ್ ಎತ್ತಿದರು. ತಿರುಗಿದ ಹ್ಯಾಂಡಲ್ ಅಟ್ಟದ ಬಾಯಲ್ಲಿ ಸಿಕ್ಕಿಕೊಂಡಿತು. ಹೀಗೆ ತಿರುಗಿಸಿದರು, ಹಾಗೆ ತಿರುಗಿಸಿದರು, ಒಳಗೆ ಹೋಗಲಿಲ್ಲ.

"ಇದನ್ನ ನೆಟ್ಟಗೆ ಮಾಡಿಸ್ಕೊಂಡು ಬಂದು ಮೇಲೆ ಹಾಕ್ತೀನಿ," ಎಂದು ಇಳಿಸಿ, ರಿಪೇರಿ ಅಂಗಡಿಗೆ ತಳ್ಳಿಕೊಂಡು ಹೋದರು. ಜನನಿ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದಳು. ನೀರಿನ ಸದ್ದು ಬಹಳ ಹೊತ್ತು ಬಂತು. ನಾನು ಬಾಗಿಲು ತಟ್ಟಲಿಲ್ಲ. ಹೊರಗೆ ಟವೆಲ್ ಹಿಡಿದು ನಿಂತಿದ್ದೆ.

ರಿಪೇರಿ ಅಂಗಡಿ ಅರ್ಧ ಕಿಲೋಮೀಟರ್. ಹ್ಯಾಂಡಲ್ ನೆಟ್ಟಗೆ ಮಾಡಲು ಎರಡು ನಿಮಿಷ ಸಾಕು. ಮುಕ್ಕಾಲು ಗಂಟೆಯಾದರೂ ಅವರು ಬರಲಿಲ್ಲ. ಮಿಲ್ಲುಗಳು ಬಿಡುವ ಹೊತ್ತು, ರಸ್ತೆ ತುಂಬ ಗಾಡಿ. ಕೊನೆಗೆ ಬಂದಾಗ ಅವರ ಪಂಚೆಯ ಅಂಚು ಚೈನಿನ ಗ್ರೀಸಿನಲ್ಲಿ ಕಪ್ಪಾಗಿತ್ತು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

"ತಳ್ಳಿಕೊಂಡು ಬರೋದ್ಯಾಕೆ ಅಂತ ಹತ್ತಿ ಬಂದೆ," ಎಂದರು, ಯಾರನ್ನೂ ನೋಡದೆ. ಅವರು ಸೈಕಲ್ ಹತ್ತಿ ಹದಿನೈದು ವರ್ಷವಾಗಿತ್ತು.

"ನೀರು ಕೊಡ್ಲಾ ಲೋಗು?" ಎಂದರು ಅತ್ತೆ.

"ಒಬ್ಬ ಕಾರಿನೋನು ಮುಂದೆ ಹೋಗಿ ಅಲ್ಲೇ ನಿಲ್ಲಿಸಿ ಬಾಗಿಲು ತೆಗೀತಾನಮ್ಮಾ! ಕೇಳಿದ್ರೆ ಬೆಲ್ ಹೊಡೀಬೇಕಿತ್ತು ಅಂತಾನೆ. ನಾನು ಎಡಗಡೆ ಹೋಗ್ತಿದೀನಿ, ಎದುರಿಂದ ನನ್ನ ಎಡಗಡೇಲೇ ಬೈಕಲ್ಲಿ ಮೂರು ಜನ ಬರ್ತಾರೆ, ಬಂದು ನನಗೇ ಕಣ್ಣು ಕಾಣಲ್ವಾ ಅಂತಾರೆ. ಆಟೋದೋನು ಹಾರ್ನ್ ಹೊಡೆದ ಹೊಡೆತಕ್ಕೆ ಚಪ್ಪಲಿ ಎಲ್ಲಿ ಹೋಯ್ತೋ ಗೊತ್ತಿಲ್ಲ. ನಿಲ್ಲಿಸಿ ಕೇಳಿದೆ. ರೋಡು ಯಾರಪ್ಪಂದು ಅಂತ ಕೇಳಿದೆ. ಜನ ಸೇರಿದ್ರು. ಸೇರಿದ ಜನವೂ ನನಗೇ ಹೇಳ್ತಾರೆ, ವಯಸ್ಸಾದೋರು ಹುಷಾರಾಗಿ ಹೋಗ್ಬೇಕು ಅಂತ. ಯಾರಿಗೆ ವಯಸ್ಸು?"

ನಲವತ್ತಾರು ಎಂದು ಹೇಳುವ ಸಮಯ ಅದಲ್ಲವಾದ್ದರಿಂದ ನಾನು ನೀರು ಕೊಟ್ಟೆ. ಅವರು ಒಂದೇ ಗುಟುಕಿಗೆ ಕುಡಿದು, ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ ಜನನಿಯನ್ನು ನೋಡಿದರು.

"ನೀನು ಈ ಜನರ ಮಧ್ಯೆ ದಿನಾ ನಾಲ್ಕು ಕಿಲೋಮೀಟರ್ ಹೋಗಿ ಬರ್ತಿದ್ಯಾ?"

"ಹೂಂ ಅಪ್ಪಾ."

"ಬರೀ ಒಂದು ಸಲ ಬಿದ್ಯಾ?"

ಜನನಿ ನನ್ನನ್ನು ನೋಡಿದಳು. "ಒಂದು ಸಲ. ಅದಕ್ಕೆ ಮೊದಲು ಇಳಿದದ್ದೂ ಸೇರಿದ್ರೆ... ಒಂದೂವರೆ."

"ನಾನು ಅರ್ಧ ಕಿಲೋಮೀಟರಲ್ಲಿ ಎರಡು ಸಲ," ಎಂದರು ಅವರು, ಮೆಲ್ಲಗೆ. ಆಮೇಲೆ ಮತ್ತೆ ದನಿ ಏರಿತು. "ಆ ಬೈಕಿನೋರಿಗೂ ಆಟೋದೋನಿಗೂ ಹೆದರಿ ನನ್ನ ಮಗಳು ಗ್ರೂಪ್ ಬದಲಾಯಿಸ್ಬೇಕಾ? ಅವರಪ್ಪನ ಮನೆ ರೋಡಾ? ಹೋಗ್ಬೇಕು. ನಡುವೆ ಹೋಗ್ಬೇಕು!"

"ನಡುವೆ ಬ್ಯಾಡುಂಗ," ಎಂದೆ ನಾನು. "ಟಾರಿನ ಮೇಲೆ ಹೋದ್ರೆ ಸಾಕು."

ಅತ್ತೆ ಸದ್ದಿಲ್ಲದೆ ಏಣಿಯನ್ನು ಹಿತ್ತಲಿಗೆ ಸಾಗಿಸಿದರು.

"ನಾಳೆ ಬೇಗ ಹೋಗ್ಬೇಕಪ್ಪಾ," ಎಂದಳು ಜನನಿ. "ಜಿರಲೆ ಪಾಠ ಇದೆ. ಒಬ್ಬೊಬ್ಬರೂ ಎರಡೆರಡು ಜಿರಲೆ ಹಿಡಿದು ತರ್ಬೇಕಂತೆ. ಮೀಸೆ ಮುರಿದಿರ್ಬಾರದು."

"ಅಷ್ಟೇನಾ?" ಎಂದರು ಅವರು. ಒಂಟಿ ಚಪ್ಪಲಿಯನ್ನು ಕಳಚಿ ಬಾಗಿಲಲ್ಲಿ ಬಿಟ್ಟು, ನನ್ನ ಖಾಲಿ ಕಾಫಿಪುಡಿ ಡಬ್ಬ ತೆಗೆದುಕೊಂಡು, ಗ್ರೈಂಡರಿನ ಹಿಂದೆ ಮಂಡಿಯೂರಿ ಕುಳಿತರು. ಜನನಿ ಪಕ್ಕದಲ್ಲಿ ಕುಳಿತು ಟಾರ್ಚ್ ಹಿಡಿದಳು. ನಾನು ದೋಸೆ ಕಾವಲಿ ಒಲೆಯ ಮೇಲಿಟ್ಟೆ.